ಸ್ಯಾಂಪಲ್ ಪಾಸಾತು ಅಂದವನು ನಾನು

ಗಡ್ಡೆಯ ಒಂದು ಚೂರನ್ನು ಬೆಳೆಸಲು ಕೊಡುತ್ತೀರಾ ಎಂದು ದವಾಖಾನೆಯಲ್ಲಿ ಕೇಳಿದಾಗ ನನಗೆ ಸಿಟ್ಟು ಬಂದಿತ್ತು. ಬನಹಟ್ಟಿಯಿಂದ ಎರಡು ಬಸ್ಸು ಬದಲಿಸಿ ಅಷ್ಟು ದೂರ ಹೋಗಿದ್ದು ನನ್ನ ಹೆಂಡತಿಯ ಹೊಟ್ಟೆಯೊಳಗಿನ ಆ ಗಡ್ಡೆಯನ್ನು ಕೊಲ್ಲಿಸುವುದಕ್ಕೆ. ಅಂಥದ್ದನ್ನು ಯಾರಾದರೂ ಬೆಳೆಸುತ್ತಾರೆಯೇ? ಕೇಳಿದ ಹುಡುಗಿ ಬಿಳಿ ಕೋಟು ಹಾಕಿದ್ದಳು, ಆದರೆ ಡಾಕ್ಟರ್ ಅಲ್ಲ. ಕ್ಯಾನ್ಸರಿಗೆ ಕೊಡುವ ಔಷಧ ಮೊದಲು ಛಲೋ ಕೆಲಸ ಮಾಡಿ ಆಮೇಲೆ ಯಾಕೆ ಕೆಲಸ ಬಿಡುತ್ತದೆ ಎನ್ನುವುದನ್ನು ಹುಡುಕುತ್ತಿದ್ದೇನೆ, ಅದಕ್ಕೆ ಗಡ್ಡೆಯ ಜೀವಕೋಶ ಬೇಕು, ಬಾಟ್ಲಿಯಲ್ಲಿ ಬೆಳೆಸಿ ಔಷಧ ಹಾಕಿ ನೋಡುತ್ತೇವೆ ಎಂದು ಹೇಳಿದಳು.

ನನ್ನ ಹೆಂಡತಿ ಸತ್ತ ಮೇಲೆ ಬಾಡಗಂಡಿಗೆ ಕೊಟ್ಟ ನನ್ನ ಮಗಳು ಒಂದೇ ಮಾತು ಹಿಡಿದಳು. ಅವ್ವನನ್ನು ಕೊಂದದ್ದು ಆ ಬಾಟ್ಲಿಯವರು, ಔಷಧ ಅವ್ವನಿಗೆ ಕೊಡುವ ಬದಲು ಬಾಟ್ಲಿಗೆ ಹಾಕಿ ಆಟ ನೋಡಿದರು ಎಂದು. ಅದು ಸುಳ್ಳು ಅಂತ ಗೊತ್ತಿದ್ದೂ ನಾನು ಎಂಟು ತಿಂಗಳು ಸುಮ್ಮನೆ ಕೇಳುತ್ತ ಕೂತೆ. ಯಾಕೆ ಕೂತೆ ಅನ್ನುವುದನ್ನು ಬರೆಯಬೇಕಾಗಿದೆ.

ನಾನು ನೂಲಿಗೆ ಬಣ್ಣ ಹಾಕುವವನು. ಆರನೇ ಇಯತ್ತೆಯಲ್ಲಿ ಇದ್ದಾಗ ಅಪ್ಪನ ಕೈ ಬಣ್ಣಕ್ಕೆ ಬೆರೆಸುವ ಕಾಸ್ಟಿಕ್‌ಗೆ ಸುಟ್ಟು ಬೊಬ್ಬೆಗಳು ಎದ್ದವು, ಅವನ ಜಾಗಕ್ಕೆ ನಾನು ನಿಂತೆ, ಸಾಲಿ ಅಲ್ಲಿಗೆ ಮುಗಿಯಿತು. ಅದರ ಬಗ್ಗೆ ನನಗೆ ನಾಚಿಕೆ ಇಲ್ಲ. ರಬಕವಿ-ಬನಹಟ್ಟಿಯಲ್ಲಿ ಒಂದು ಸೀರೆಯ ಕೆಂಪು ಹತ್ತು ಸಲ ಒಗೆದರೂ ಬಿಡದಿದ್ದರೆ, ಇದು ಯಾರ ಕೈ ಅಂತ ಕೇಳುತ್ತಾರೆ, ಕೇಳಿದವರಿಗೆ ನನ್ನ ಮನೆ ತೋರಿಸುತ್ತಾರೆ. ನನ್ನ ಹೆಂಡತಿ ಹತ್ತನೇ ಇಯತ್ತೆ ಪಾಸಾದವಳು. ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಪಕ್ಕದಲ್ಲಿ ಪೇಪರ್ ಹಾಸಿಕೊಂಡು ಓದುತ್ತಿದ್ದಳು. ದವಾಖಾನೆಯ ಆ ಒಪ್ಪಿಗೆ ಕಾಗದವನ್ನೂ ಅವಳೇ ನನಗೆ ಓದಿ ಹೇಳಿದ್ದು. ಇದರಿಂದ ನಿಮ್ಮ ಸ್ವಂತ ಚಿಕಿತ್ಸೆಗೆ ಪ್ರಯೋಜನ ಆಗಲಿಕ್ಕಿಲ್ಲ ಅಂತ ಅದರಲ್ಲಿ ಒಂದು ಸಾಲು ಇತ್ತು. ಅದನ್ನು ಎರಡು ಸಲ ಓದಿದಳು. ಪ್ರಯೋಜನ ಇಲ್ಲ ಅಂದಮೇಲೆ ಯಾಕ ಕೊಡೂದು ಅಂದೆ. ಹೆಂಗೂ ಕಸಕ್ಕ ಹೋಗೂದು, ಇವರ ಬಾಟ್ಲಿಯಾಗರ ಇರಲಿ ಅಂತ ಹೇಳಿ ಸಹಿ ಮಾಡಿದಳು. ನನ್ನನ್ನು ಕೇಳಲಿಲ್ಲ. ಸಹಿ ಅವಳದು ಬೇಕಿತ್ತು, ನನ್ನದಲ್ಲ.

ಹುಡುಗಿಯ ಊರು ಗಲಗಲಿ ಅಂತ ತಿಳಿದದ್ದು ಆಮೇಲೆ. ಅಷ್ಟು ದೊಡ್ಡ ದವಾಖಾನೆಯಲ್ಲಿ ನಮ್ಮ ಕಡೆಯ ಮಾತು ಆಡುವವಳು ಅವಳೊಬ್ಬಳೇ ಸಿಕ್ಕಳು. ನನ್ನ ಹೆಂಡತಿಗೆ ಕಾಕು ಅಂದಳು, ನನಗೆ ಕಾಕಾ. ಆಪರೇಶನ್ ಆಗಿ ಕೀಮೋ ಸುರುವಾದ ಮೇಲೆ, ಹೆಂಡತಿಯ ಕೈಗೆ ಸಲೈನ್ ಹಚ್ಚಿ ಮಲಗಿಸಿದ್ದ ಒಂದು ಮಧ್ಯಾಹ್ನ, ನಾನು ಹೊರಗೆ ಸುಮ್ಮನೆ ಕೂತದ್ದನ್ನು ನೋಡಿ, ಬರ್ರಿ ಕಾಕಾ, ನಿಮಗ ತೋರಸ್ತೇನಿ ಅಂತ ಕರೆದೊಯ್ದಳು. ಒಳಗೆ ಬಿಡಲಿಲ್ಲ. ಗಾಜಿನ ಆಚೆಯಿಂದ ಒಂದು ಚಪ್ಪಟೆ ಪ್ಲಾಸ್ಟಿಕ್ ಬಾಟ್ಲಿ ಎತ್ತಿ ಹಿಡಿದಳು. ಅದರಲ್ಲಿ ಗುಲಾಬಿ ಬಣ್ಣದ ನೀರು. ಕೋಶಗಳು ಕೆಳಗಿನ ಬದಿಗೆ ಅಂಟಿಕೊಂಡು ಬೆಳೆಯುತ್ತವೆ, ಬರೇ ಕಣ್ಣಿಗೆ ಕಾಣುವುದಿಲ್ಲ, ಮೈಯಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಇಡಬೇಕು ಎಂದಳು. ಪಕ್ಕದ ಬಾಟ್ಲಿಯ ನೀರು ಹಳದಿಗೆ ತಿರುಗಿತ್ತು. ಅದು ಹುಳಿ ಏರಿದ್ದಲ್ಲವೇ ಅಂತ ಕೇಳಿದೆ. ಅವಳು ಬೆರಗಾದಳು. ಕೋಶಗಳು ಉಂಡು ಹೊಲಸು ಮಾಡಿದರೆ ನೀರು ಹುಳಿಯಾಗುತ್ತದೆ, ಬಣ್ಣ ತಿರುಗುತ್ತದೆ, ಆಗ ಬದಲಿಸುತ್ತೇವೆ, ನಿಮಗೆ ಹೆಂಗ ಗೊತ್ತಾತು ಅಂದಳು. ಬಣ್ಣದವನಿಗೆ ಇಷ್ಟೂ ತಿಳಿಯದಿದ್ದರೆ ಹೆಂಗ ಅಂದೆ. ಆ ಹೊತ್ತು ನನಗೆ ಬಹಳ ಹೆಮ್ಮೆ ಆಯಿತು. ಒಳಗೆ ಹೋಗಿ ಹೆಂಡತಿಗೆ ಹೇಳಿದರೆ, ಕಣ್ಣು ಮುಚ್ಚಿಕೊಂಡೇ, ಹಂಗಾರ ನಾಳಿಂದ ನೀವ ಕೋಟ್ ಹಾಕ್ಕೋರಿ ಅಂದಳು.

ಮೂರನೇ ಕೀಮೋಕ್ಕೆ ಹೋದಾಗ ಹುಡುಗಿ ನಗುತ್ತ ಬಂದಳು. ಬಾಟ್ಲಿಗೆ ಅದೇ ಔಷಧ ಹಾಕಿದ್ದಳಂತೆ, ಹೆಚ್ಚುಕಡಿಮೆ ಎಲ್ಲ ಸತ್ತಿದ್ದವಂತೆ. ಇದನ್ನು ರೋಗಿಗಳ ಮನೆಯವರಿಗೆ ಹೇಳುವುದು ಅವರ ಪದ್ಧತಿಯಲ್ಲಿ ಇಲ್ಲ. ನಮ್ಮೂರ ಕಡೆಯವರು ಅಂತ ಬಾಯಿ ಬಿಟ್ಟಳು, ಬಿಟ್ಟ ಕೂಡಲೇ ತಡೆದು, "ಕಾಕಾ, ಇದು ಬಾಟ್ಲಿ ಒಳಗಿನ ಮಾತಷ್ಟ. ಕಾಕೂನ ಹೊಟ್ಟಿ ಒಳಗ ಹಿಂಗ ಆಗ್ತೈತಿ ಅಂತ ನಾ ಹೇಳಾಂಗಿಲ್ಲ" ಅಂದಳು. ಮೊದಲ ಮಾತು ನನ್ನ ಕಿವಿಗೆ ಬಿತ್ತು. ಎರಡನೆಯದು ಬಿದ್ದರೂ ಒಳಗೆ ಹೋಗಲಿಲ್ಲ.

ನಮ್ಮ ಕಸುಬಿನಲ್ಲಿ ಸಾವಕಾರರು ದೊಡ್ಡ ಆರ್ಡರ್ ಕೊಡುವ ಮೊದಲು ಒಂದು ಲಡಿ ನೂಲು ಕೊಟ್ಟು ಬಣ್ಣ ಹಾಕಿಸಿ ನೋಡುತ್ತಾರೆ. ಸಣ್ಣ ಬೋಗಾಣಿಯಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಬಿಳಿ ಅರಿವೆಗೆ ತಿಕ್ಕಿ ತೋರಿಸಬೇಕು. ಅರಿವೆಗೆ ಬಣ್ಣ ಹತ್ತದಿದ್ದರೆ ಸ್ಯಾಂಪಲ್ ಪಾಸು. ಒಂದು ಸಲ ಪಾಸಾದ ಮೇಲೆ ಸಾವಕಾರರು ಮತ್ತೆ ಬಂದು ನಿಂತು ಕೇಳುವುದಿಲ್ಲ, ಕೇಳಿದರೆ ಅದು ನಮಗೆ ಅವಮಾನ. ಇದು ನನ್ನ ರಕ್ತದಲ್ಲಿ ಕೂತ ರೀತಿ. ಆ ದಿನ ಬಸ್ ಇಳಿದು ಓಣಿಗೆ ಬಂದವನೇ ಎಲ್ಲರಿಗೂ ಹೇಳಿದೆ, ಸ್ಯಾಂಪಲ್ ಪಾಸಾತು ಅಂತ. ಪೇಡೆ ಹಂಚಿದೆ. ಮಗಳಿಗೆ ಫೋನ್ ಮಾಡಿ ಹೇಳಿದೆ. ಅಳಿಯ ಬಾಡಗಂಡಿಯ ಕಾರ್ಖಾನೆಯಲ್ಲಿ ಫಿಟ್ಟರ್, ಅವನು ಮಾತ್ರ, ಮಾವಾರ, ಇನ್ನ ಮೂರು ಕೀಮೋ ಅದಾವಲ್ರಿ ಅಂದ. ನಿನಗೇನ ತಿಳೀತೈತಿ ಅಂದೆ.

ಬಣ್ಣದವನಾಗಿ ನನಗೆ ಇನ್ನೊಂದು ಮಾತೂ ಗೊತ್ತಿತ್ತು. ಬೋಗಾಣಿಯಲ್ಲಿ ಒಂದು ಲಡಿ ಅದ್ದಿದರೆ ನೀರು ಎಲ್ಲ ಎಳೆಗೂ ತಾಗುತ್ತದೆ. ದೊಡ್ಡ ಹೌದಿನಲ್ಲಿ, ಬಣ್ಣದ ತೊಟ್ಟಿಯಲ್ಲಿ, ನೂರು ಲಡಿ ಬಿಟ್ಟಾಗ, ಎಲ್ಲಿ ಕಟ್ಟು ಬಿಗಿಯಾಗಿದೆಯೋ ಅಲ್ಲಿ ಒಳಗಿನ ಎಳೆಗಳು ಬಿಳಿಯಾಗಿಯೇ ಉಳಿಯುತ್ತವೆ, ಮೇಲಿಂದ ಗೊತ್ತಾಗುವುದಿಲ್ಲ. ಅದಕ್ಕೇ ನಾನು ಹೌದಿನ ಮುಂದೆ ನಿಂತು ಪ್ರತಿ ಲಡಿಯನ್ನೂ ಬಿಡಿಸಿ ನೋಡುತ್ತಿದ್ದೆ. ಮೂವತ್ತು ವರ್ಷ ಹೀಗೆ ನೋಡಿದವನು ಹೆಂಡತಿಯ ವಿಷಯದಲ್ಲಿ ನೋಡಲಿಲ್ಲ. ತಿಳಿಯಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ತಿಳಿಯುವುದು ಬೇಡವಾಗಿತ್ತು.

ಆರೂ ಕೀಮೋ ಮುಗಿದವು. ಸ್ಕ್ಯಾನ್ ಸ್ವಚ್ಛ ಬಂತು. ಮೂರು ತಿಂಗಳಿಗೊಮ್ಮೆ ತಪ್ಪದೆ ಬರಬೇಕು, ಆರಾಮ ಅನಿಸಿದರೂ ಬರಬೇಕು ಅಂತ ಡಾಕ್ಟರ್ ಹೇಳಿದರು. ಮೊದಲ ಸಲ ಹೋದೆವು, ಎಲ್ಲ ಸರಿ ಇತ್ತು. ಅವಳ ತಲೆಯಲ್ಲಿ ಸಣ್ಣ ಸಣ್ಣ ಕೂದಲು ಬಂದಿತ್ತು, ಗುಂಗುರಾಗಿ. ಮೊದಲು ಅವಳ ಕೂದಲು ನೆಟ್ಟಗಿತ್ತು. ಮಹಾಲಿಂಗಪುರದ ಸಂತೆಗೆ ಸೆರಗು ಹೊದೆಯದೆ ಹೋಗಿ ಬಂದಳು.

ಎರಡನೇ ತಪಾಸಣೆ ಲಗ್ನಸರಾಯಿಯಲ್ಲಿ ಬಂತು. ಮದುವೆ ಸೀರೆಯ ಕೆಂಪಿನ ಆರ್ಡರ್ ಮೇಲಿಂದ ಮೇಲೆ ಇತ್ತು. ಮುಂದಿನ ತಿಂಗಳು ಹೋದರಾಯಿತು ಅಂದೆ. ಮುಂದಿನ ತಿಂಗಳೂ ಹೋಗಲಿಲ್ಲ. ಮೂರನೇ ತಪಾಸಣೆಯ ದಿನ ಬಂದಾಗ ಅವಳೇ ನೆನಪು ಮಾಡಿದಳು, ನಾನು ಹೌದಿನ ಮುಂದಿದ್ದೆ, ಕೈ ಮೊಣಕೈವರೆಗೆ ಕೆಂಪಾಗಿತ್ತು.

"ಹೊಟ್ಟಿ ಬಿಗದಂಗ ಆಗಾಕತ್ತೈತ್ರಿ," ಅಂದಳು. "ಸೀರಿ ನಿರಿಗಿ ಕೂಡವಲ್ಲುವು."

"ರೊಟ್ಟಿ ಕಡಿಮಿ ತಿನ್ನು. ಸ್ಯಾಂಪಲ್ ಪಾಸಾಗಿ ವರ್ಷ ಆಗಾಕ ಬಂತು, ಇನ್ನೂ ಅಂಜತೀಯಲ್ಲ."

ಅವಳು ನಕ್ಕು ಒಳಗೆ ಹೋದಳು. ಅವಳು ನನ್ನ ಮಾತನ್ನು ನಂಬಿದಳು. ಹತ್ತನೇ ಇಯತ್ತೆ ಓದಿದವಳು, ಕಾಗದ ಓದಿ ಹೇಳುವವಳು, ನನ್ನ ಆ ಮಾತನ್ನು ನಂಬಿದಳು.

ಮುಂದೆ ಹೊಟ್ಟೆಯಲ್ಲಿ ನೀರು ತುಂಬಿ ಉಸಿರಾಡಲು ಆಗದಾದಾಗ ಅಳಿಯ ಮುಧೋಳದಿಂದ ಗಾಡಿ ಮಾಡಿಕೊಂಡು ಬಂದ. ಡಾಕ್ಟರ್ ಕಾಗದ ತಿರುವಿ ನೋಡಿ, ಎರಡು ಸಲ ಯಾಕೆ ಬರಲಿಲ್ಲ ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು, ಇವರು ಕರದ್ರ ನಾನ ಒಲ್ಲೆ ಅಂದ್ನಿರಿ, ಸೂಜಿಗಿ ಅಂಜಿದ್ನಿ ಅಂದಳು. ನಾನು ನೆಲ ನೋಡುತ್ತ ನಿಂತೆ. ಹಂಗಲ್ಲ ಅಂತ ಒಂದು ಮಾತು ಹೇಳಲಿಲ್ಲ. ಮಗಳು ಬಾಗಿಲಲ್ಲಿ ನಿಂತಿದ್ದಳು, ಅವಳೂ ಅದನ್ನು ಕೇಳಿದಳು.

ಹೊಟ್ಟೆಯಿಂದ ತೆಗೆದ ನೀರಿನಲ್ಲಿ ಮತ್ತೆ ಆ ಕೋಶಗಳು ಇದ್ದವು. ಗಲಗಲಿಯ ಹುಡುಗಿ ಮತ್ತೆ ಕೇಳಲು ಬಂದಳು, ಈ ಸಲ ನಗಲಿಲ್ಲ. ಹೆಂಡತಿ ಕೇಳುವ ಮೊದಲೇ ಕಾಗದ ಕೊಡು ಅಂತ ಕೈ ಚಾಚಿದಳು. ಕೆಲವು ವಾರ ಕಳೆದ ಮೇಲೆ ನಾನೇ ಹುಡುಗಿಯನ್ನು ಹಿಡಿದು ನಿಲ್ಲಿಸಿ ಕೇಳಿದೆ. ಹೇಳಬಾರದು ಅಂದಳು. ನಾನು ಬಿಡಲಿಲ್ಲ. ಕೊನೆಗೆ, ಅದೇ ಔಷಧ ಹಾಕಿದೆ, ಹೆಚ್ಚಿನವು ಸಾಯಲಿಲ್ಲ ಅಂದಳು. ಅದರ ಜೊತೆ ಇನ್ನೊಂದು ವಿಷಯ ಬಾಯಿಗೆ ಬಂತು ಅವಳಿಗೆ. ಮೊದಲ ಆಪರೇಶನ್ನಿನ ಕೋಶಗಳಲ್ಲಿ ಕೆಲವನ್ನು ಬೇರೆ ಇಟ್ಟು, ಒಂದಿಷ್ಟು ಒಂದಿಷ್ಟೇ ಔಷಧ ಕೊಡುತ್ತ, ತಿಂಗಳುಗಟ್ಟಲೆ ರೂಢಿ ಮಾಡಿಸಿದ್ದರಂತೆ. ಈಗ ಅವೂ ಔಷಧಕ್ಕೆ ಬಗ್ಗುತ್ತಿಲ್ಲವಂತೆ.

ನನ್ನ ಸಿಟ್ಟು ನೆತ್ತಿಗೇರಿತು. "ಸಾಯಬಾರದಂಗ ನೀವ ಕಲಿಸಿದ್ರೇನು? ನನ್ನ ಹೆಂಡ್ತಿ ಅಲ್ಲಿ ಉಸರಾಡಾಕ ಒದ್ದಾಡಾಕತ್ತಾಳ, ನೀವಿಲ್ಲಿ ಆಕಿ ಬ್ಯಾನಿಗಿ ಸಾಲಿ ಕಲಸಾಕತ್ತೀರಿ?"

ಹುಡುಗಿಯ ಮುಖ ಸಣ್ಣದಾಯಿತು. ಆದರೂ ನಿಂತು ಹೇಳಿದಳು. ಮೈಯೊಳಗೆ ಅವು ತಾವಾಗಿಯೇ ಕಲಿಯುತ್ತವೆ, ಹೇಗೆ ಕಲಿಯುತ್ತವೆ ಎಂದು ಅಲ್ಲಿ ಇಣುಕಿ ನೋಡಲು ಬರುವುದಿಲ್ಲ, ಅದಕ್ಕೆ ಬಾಟ್ಲಿಯಲ್ಲಿ ಕಲಿಸಿ ನೋಡುತ್ತೇವೆ. ಬಾಟ್ಲಿಯಲ್ಲಿ ಇದ್ದದ್ದು ಬಾಟ್ಲಿಯಲ್ಲೇ ಇದೆ, ಒಂದು ಹನಿಯೂ ಕಾಕೂನ ಮೈಗೆ ಹೋಗುವುದಿಲ್ಲ. ಅವಳು ಹೇಳಿದ್ದು ನನಗೆ ತಿಳಿಯಿತು. ತಿಳಿದರೂ ಕೆಟ್ಟ ಮಾತು ಬೈದು ಬಂದೆ. ಆ ಬೈಗುಳ ಮಗಳ ಕಿವಿಗೆ ಬಿತ್ತು, ಅದೇ ಅವಳ ನಂಬಿಕೆಗೆ ಬುಡವಾಯಿತು.

ಬೇರೆ ಔಷಧ ಕೊಟ್ಟರು. ಸ್ವಲ್ಪ ದಿನ ತಡೆಯಿತು. ಹೆಂಡತಿ ತೀರಿಹೋಗುವ ಎರಡು ವಾರ ಮುಂಚೆ ಹುಡುಗಿ ನೋಡಲು ವಾರ್ಡಿಗೆ ಬಂದಿದ್ದಳು. ನಾನು ಮುಖ ತಿರುಗಿಸಿ ಕೂತೆ. ಹೆಂಡತಿ ಕೇಳಿದಳು, "ನಾ ಹ್ವಾದ ಮ್ಯಾಲೂ ಅವು ಇರ್ತಾವೇನವ್ವಾ?"

"ಇರ್ತಾವ್ರಿ ಕಾಕು. ಥಂಡಿ ಒಳಗ ಇಟ್ರ ಭಾಳ ವರ್ಷ ಇರ್ತಾವು."

"ನೋಡ್ರಿ, ನನಕಿಂತ ಗಟ್ಟಿ ಅದಾವು," ಅಂತ ನನ್ನ ಕಡೆ ನೋಡಿ ನಕ್ಕಳು. ಆಮೇಲೆ ಹುಡುಗಿಗೆ, ಇಟ್ಕೊ, ಸಿಟ್ಟು ಮಾಡ್ಕೋಬ್ಯಾಡ ಇವರ ಮ್ಯಾಲ ಅಂದಳು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಕೊಡುತ್ತೇವೆ. ವಿಭೂತಿ ಹಚ್ಚಿ ಕೂಡ್ರಿಸಿ, ಪತ್ರಿ ಏರಿಸಿ ಮಣ್ಣು ಎಳೆದೆವು. ಅಲ್ಲಿಂದ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಮಗಳು ಕೇಳಿದಳು, ಎಲ್ಲಾ ಮಣ್ಣಿಗೆ ಹೋಯಿತೇ ಅಂತ. ಅವ್ವನ ಚೂರು ಆ ಬಾಟ್ಲಿಯಲ್ಲಿ ಇನ್ನೂ ಜೀವಂತ ಇದೆ, ಅದನ್ನು ತಂದು ಅವ್ವನ ಮಗ್ಗಲಿಗೆ ಹೂಳುವವರೆಗೆ ನಾನು ಈ ಮನೆಯ ನೀರು ಕುಡಿಯುವುದಿಲ್ಲ ಅಂದು ಬಾಡಗಂಡಿಗೆ ಹೋದಳು. ಡಾಕ್ಟರ್ ಹೆಂಡತಿ ಇದ್ದಾಗಲೇ ಒಂದು ಮಾತು ಹೇಳಿದ್ದರು. ಈ ಜಾತಿಯ ಬೇನೆ ಕೆಲವು ಮನೆತನದಲ್ಲಿ ತಾಯಿಯಿಂದ ಮಗಳಿಗೆ ಬರಬಹುದು, ಮಗಳ ರಕ್ತ ತಪಾಸಣೆ ಆಗಲೇಬೇಕು ಅಂತ. ಅಳಿಯ ಎರಡು ಸಲ ಕರೆದ. ಅವ್ವನ ಚೂರು ತಗೊಂಡು ಏನು ಮಾಡಿದರು ಗೊತ್ತೈತಿ, ನನ್ನ ರಕ್ತ ಕೊಡುವುದಿಲ್ಲ ಅಂದಳಂತೆ. ಅವನು ನನಗೆ ಫೋನ್ ಮಾಡಿ, ಮಾವಾರ, ನೀವಾದ್ರೂ ಹೇಳ್ರಿ ಅಂದ. ಹೇಳುತ್ತೇನೆ ಅಂದೆ. ಹೇಳಲಿಲ್ಲ. ಹೇಳಬೇಕೆಂದರೆ, ಬಾಟ್ಲಿಯವರದು ತಪ್ಪಿಲ್ಲ ಅನ್ನಬೇಕಿತ್ತು. ಹಾಗಾದರೆ ಯಾರದು ಅಂತ ಅವಳು ಕೇಳುವುದು ಖರೆ.

ಎಂಟು ತಿಂಗಳಿಗೆ ನಾನು ದವಾಖಾನೆಗೆ ಹೋದೆ. ಹೋಗಿದ್ದು ಆ ಬಾಟ್ಲಿ ತರಲಿಕ್ಕೆ. ಒಂದು ಸ್ಟೀಲ್ ಡಬ್ಬಿಯನ್ನೂ ಒಯ್ದಿದ್ದೆ, ಅರಿವೆಯಲ್ಲಿ ಸುತ್ತಿ. ಅದನ್ನು ಕೊಟ್ಟುಬಿಟ್ಟರೆ ಮಗಳ ಸಿಟ್ಟು ಇಳಿಯುತ್ತದೆ, ರಕ್ತ ಕೊಡುತ್ತಾಳೆ, ನಾನು ಏನೂ ಹೇಳುವುದು ಉಳಿಯುವುದಿಲ್ಲ ಅಂತ ಲೆಕ್ಕ ಹಾಕಿದ್ದೆ. ಹುಡುಗಿ ನನ್ನನ್ನು ನೋಡಿ ಎದ್ದು ನಿಂತಳು. ಬೈದದ್ದರ ಬಗ್ಗೆ ಏನೂ ಎತ್ತಲಿಲ್ಲ, ಚಹಾ ತರಿಸಿದಳು. ಬಾಟ್ಲಿ ಕೊಡು ಅಂತ ಡಬ್ಬಿ ಮುಂದಿಟ್ಟೆ. ಅವಳು, ಕಾಕು ಎರಡು ಸಲ ಸಹಿ ಮಾಡ್ಯಾರ್ರಿ, ಅವರ ಮಾತು ಮೀರಿ ಕೊಡಾಕ ನನ್ನ ಕೈಯಾಗ ಇಲ್ಲ, ನಮ್ಮ ದೊಡ್ಡವರನ್ನ ಕೇಳ್ತೇನಿ ಬೇಕಾದ್ರ ಅಂದಳು. ಬ್ಯಾಡ ಅಂದೆ. ಅವಳ ಸಹಿ ಅಂದಮೇಲೆ ನಾನು ಯಾರು.

ಎದ್ದು ಬರಬೇಕು, ಆದರೆ ಬಾಯಿಂದ ಬೇರೆಯದೇ ಬಂತು. "ಆ ಎರಡು ಸಲ ನಾ ಕರ್ಕೊಂಡು ಬಂದಿದ್ರ ಆಕಿ ಉಳೀತಿದ್ಲೇನು? ನಿನ್ನ ಬಾಟ್ಲಿ ನೋಡಿ ಹೇಳು."

ಅವಳಿಗೆ ಆಗ ತಿಳಿಯಿತು, ಕಾಕು ಸೂಜಿಗೆ ಅಂಜಿ ಬರದೆ ಉಳಿದದ್ದಲ್ಲ, ನಾನೇ ಕರೆತರಲಿಲ್ಲ ಅಂತ. ಚಹಾದ ಕಪ್ಪನ್ನು ಬದಿಗೆ ಸರಿಸಿದಳು. ಮೊದಲ ಆಪರೇಶನ್ನಿನ ಚೂರಿನಲ್ಲಿಯೇ ಔಷಧಕ್ಕೆ ಬಗ್ಗದ ಕೆಲವು ಇದ್ದವು, ಲಕ್ಷಗಳಲ್ಲಿ ಎಲ್ಲೋ ಕೆಲವು, ಬೇರೆಯವು ಸತ್ತ ಮೇಲೆ ಅವೇ ಬೆಳೆದಿರಬೇಕು ಅಂತ ಹೇಳಿದಳು. ಅಂದರೆ ಬಂದೇ ಬರುತ್ತಿತ್ತೇನು ಅಂದೆ. ಬರುತ್ತಿತ್ತು ಅನಿಸುತ್ತದೆ ಅಂದಳು. ಬೇಗ ಗೊತ್ತಾಗಿದ್ದರೆ ಬೇರೆ ಔಷಧ ಬೇಗ ಸುರು ಆಗುತ್ತಿತ್ತಲ್ಲ ಅಂದೆ. ಆಗುತ್ತಿತ್ತು ಅಂದಳು.

"ಎಷ್ಟು ದಿನ ಹೆಚ್ಚಿಗಿ?"

"ಅದನ್ನ ಬಾಟ್ಲಿ ಹೇಳಾಂಗಿಲ್ಲ ಕಾಕಾ. ನಾ ಹೇಳಿದ್ರ ಸುಳ್ಳಾಗ್ತೈತಿ." ಆಮೇಲೆ ನನ್ನ ಮಗಳ ಬಗ್ಗೆ ಕೇಳಿದಳು, "ಅಕ್ಕಾರ ರಕ್ತ ತಪಾಸಣಿ ಆತೇನ್ರಿ?"

ಆಗಿಲ್ಲ ಅಂದೆ. ಯಾಕೆ ಅಂತ ಅವಳು ಕೇಳಲಿಲ್ಲ. ಎಲ್ಲಿಗೆ ಬರಬೇಕು, ಯಾವ ಕಿಟಕಿ, ಯಾವ ವಾರ ಎಂದು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಕೊಟ್ಟಳು. ನನಗೆ ಓದಲು ಬರಲಿ ಅಂತ ದೊಡ್ಡ ಅಕ್ಷರ. ಬೇರೆ ದಿನವಾಗಿದ್ದರೆ ನನಗೆ ಅದು ಚುಚ್ಚುತ್ತಿತ್ತು.

ಮರುದಿನ ಜಮಖಂಡಿಯಿಂದ ಬೀಳಗಿ ಬಸ್ ಹಿಡಿದು ಬಾಡಗಂಡಿಗೆ ಹೋದೆ. ಮಗಳು ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಡಬ್ಬಿ ನೋಡಿ ಎದ್ದಳು. ತಂದೇನು ಅಂದಳು. ಡಬ್ಬಿ ಖಾಲಿ ಐತಿ, ಕೂಡು ಅಂದೆ. ಕೂಡಲಿಲ್ಲ. ನಾನು ನಿಂತೇ ಹೇಳಿದೆ. ಅವ್ವ ಸೂಜಿಗೆ ಅಂಜಿರಲಿಲ್ಲ. ಹೋಗೂಣು ಅಂತ ನೆನಪು ಮಾಡಿದವಳು ಅವಳು, ಹೊಟ್ಟಿ ಬಿಗಿಯುತ್ತದೆ ಅಂದವಳು ಅವಳು. ರೊಟ್ಟಿ ಕಡಿಮಿ ತಿನ್ನು ಅಂದವನು ನಾನು. ಡಾಕ್ಟರ್ ಮುಂದೆ ನನ್ನ ಮಾನ ಉಳಿಸಲಿಕ್ಕೆ ಅವಳು ಸುಳ್ಳು ಹೇಳಿದಳು, ನಾನು ಅದನ್ನು ಹಾಗೇ ಇಟ್ಟುಕೊಂಡೆ. ಆ ಹುಡುಗಿ ಬಾಟ್ಲಿಯಲ್ಲಿ ಏನು ಮಾಡಿದರೂ ನಿಮ್ಮವ್ವನ ಮೈಗೆ ಏನೂ ಮಾಡಿಲ್ಲ. ನಾನು ಮಾಡಬೇಕಾದದ್ದನ್ನು ಮಾಡಲಿಲ್ಲ.

ಮಗಳು ಮೊರದ ಜೋಳವನ್ನು ಪೂರ್ತಿ ಚೀಲಕ್ಕೆ ಸುರುವಿದಳು. ಹಸನು ಮಾಡಿದ್ದು, ಮಾಡದಿದ್ದದ್ದು ಎಲ್ಲ ಕೂಡಿ ಹೋಯಿತು. ಕೈಯೊಳಗಿನ ಚೀಟಿ ಚಾಚಿದೆ. ತಗೊಂಡು ಓದಿದಳು, ಅವ್ವನ ಹಾಗೆ, ಎರಡು ಸಲ.

"ಯಾವಾಗ ಹೋಗೂಣು?" ಅಂದೆ.

"ನೀ ಬರಬ್ಯಾಡ," ಅಂದಳು. "ನಮ್ಮ ಮನಿಯವರು ಬರ್ತಾರ ನನ್ನ ಜೋಡಿ."

ಚಹಾ ಕುಡಿ ಅನ್ನಲಿಲ್ಲ. ನಾನೂ ನಿಲ್ಲಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಹಾದಿಗೆ ಸಾಲುಹಚ್ಚಿ ನಿಂತಿದ್ದವು, ಅವುಗಳ ಬದಿಯಿಂದ ನಡೆದು ಬಸ್ ಸ್ಟ್ಯಾಂಡಿಗೆ ಬಂದೆ.

ಅವಳು ಹೋಗಿ ಬಂದಳು. ಅಳಿಯ ಫೋನ್ ಮಾಡಿ ಇಷ್ಟೇ ಹೇಳಿದ, ರಕ್ತ ಕೊಟ್ಟಳು, ವರದಿ ಬರಲಿಕ್ಕೆ ದಿನ ಹಿಡಿಯುತ್ತದೆ ಅಂತ. ಆ ದಿನಗಳೂ ಮುಗಿದು ಈಗ ಬಹಳವಾಯಿತು. ವರದಿ ಬಂದಿರಬೇಕು. ಏನು ಬಂತು ಅಂತ ನನಗೆ ಯಾರೂ ಹೇಳಿಲ್ಲ. ಅಳಿಯನಿಗೆ ಕೇಳಿದರೆ, ಆಕೀನ ಹೇಳ್ತಾಳಂತ್ರಿ ಮಾವಾರ, ಹೇಳಬ್ಯಾಡ ಅಂದಾಳ ನನಗ ಅನ್ನುತ್ತಾನೆ. ಬರೆಯುತ್ತಿರುವ ಈ ಹೊತ್ತಿಗೂ ಅವಳು ಹೇಳಿಲ್ಲ. ನಾನು ಕಾಯುತ್ತಿದ್ದೇನೆ.